ಮಂದ್ರ ಹಿಡಿದವರು

ಮೆಚ್ಚಿನ ಬೇಸ್ ಗಿಟಾರ್ ವಾದಕ ಯಾರೆಂಬ ಮಾತು ಎದ್ದಾಗಲೆಲ್ಲ ಚರ್ಚೆ ಬೆರಳಿನ ವೇಗಕ್ಕೆ ಬಂದು ನಿಲ್ಲುತ್ತದೆ. ಯಾರು ಎಷ್ಟು ಸ್ವರ ಉದುರಿಸಿದರು, ಯಾರ ಹೆಬ್ಬೆರಳು ತಂತಿಯನ್ನು ಹೇಗೆ ಬಡಿಯಿತು, ಯಾರ ಸೋಲೊ ಎಷ್ಟು ಹೊತ್ತು ನಡೆಯಿತು ಎಂಬುದೇ ಲೆಕ್ಕ. ಪಂಕ್, ನ್ಯೂ ವೇವ್, ಆಲ್ಟರ್ನೇಟಿವ್ ರಾಕ್ ಎಂದು ಕರೆಸಿಕೊಳ್ಳುವ ಸಂಗೀತಕ್ಕೆ ಈ ಅಳತೆಗೋಲು ಹಿಡಿದರೆ ಅಲ್ಲಿನ ಹೆಚ್ಚಿನವರು ಮೊದಲ ಸುತ್ತಿನಲ್ಲೇ ಬೀಳುತ್ತಾರೆ. ಆದರೂ ಕಳೆದ ಐವತ್ತು ವರ್ಷಗಳಲ್ಲಿ ಬೇಸ್ ಎಂಬ ವಾದ್ಯದ ಅರ್ಥವನ್ನೇ ಬದಲಿಸಿದವರು ಅವರು. ಹಾಗಾಗಿ ಅಳತೆಗೋಲನ್ನೇ ಬದಲಿಸಬೇಕು ಎಂಬುದು ನನ್ನ ವಾದ. ಬೇಸ್ ವಾದಕರ ಯೋಗ್ಯತೆಯನ್ನು ಅಳೆಯಬೇಕಾದದ್ದು ಅವರು ತಮ್ಮ ಮಂದ್ರವನ್ನು ಯಾರಿಂದ ಪಡೆದರು, ಅದನ್ನು ಯಾವ ಹೊಣೆಯಿಂದ ನುಡಿಸಿದರು ಎಂಬುದರಿಂದ. ಹೀಗೆ ಅಳೆದಾಗ ನನ್ನ ಪಟ್ಟಿಯ ಮೊದಲ ಹೆಸರು ಲಂಡನ್ನಿನದಲ್ಲ, ನ್ಯೂಯಾರ್ಕಿನದೂ ಅಲ್ಲ. ಇಂಡಿಯನ್ ಓಷನ್ ತಂಡದ ರಾಹುಲ್ ರಾಮ್ ಅವರದು. ಅವರನ್ನು ಅರಿಯುವ ದಾರಿ ಗುಜರಾತಿನ ಮೂರು ನಗರಗಳ ನಡುವೆ ಹಾದುಹೋಗುತ್ತದೆ.

ಮೊದಲು ವಾದ್ಯದ ವಿಚಾರ. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಂಥ ಅಲೆಯನ್ನು ಎಬ್ಬಿಸುವ ಶಕ್ತಿಯಿಲ್ಲ. ಬಹಳ ಮಂದಿ ರಾಕ್ ಹಾಡನ್ನು ಕೇಳಿದ್ದೇವೆ ಎಂದುಕೊಳ್ಳುವಾಗ ಕೇಳಿರುವುದು ಅದರ ಮೇಲ್ಭಾಗವನ್ನಷ್ಟೇ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ತಮ್ಮ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಉದ್ದೇಶ ತೀರಾ ವ್ಯಾವಹಾರಿಕವಾಗಿತ್ತು: ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವ ಕಷ್ಟ ತಪ್ಪಬೇಕು, ಡ್ರಮ್ಮಿನ ಗದ್ದಲದಲ್ಲೂ ಮಂದ್ರ ಕೇಳಿಸಬೇಕು. ನಮ್ಮ ಸಂಗೀತದಲ್ಲಿ ತಂಬೂರಿಯ ಮಂದ್ರ ಷಡ್ಜ ಮಾಡುವ ಕೆಲಸ, ಮೃದಂಗದ ಎಡಮುಖ ಮಾಡುವ ಕೆಲಸ, ಎರಡೂ ರಾಕ್ ತಂಡದಲ್ಲಿ ಈ ಒಬ್ಬರ ಪಾಲಿಗೆ ಬರುತ್ತವೆ. ಶ್ರುತಿಯ ನೆಲವೂ ಅವರದೇ, ಲಯದ ನಡೆಯೂ ಅವರದೇ. ಚೆನ್ನಾಗಿ ಮಾಡಿದರೆ ಯಾರ ಗಮನಕ್ಕೂ ಬಾರದ ಕೆಲಸ ಅದು.

ಪಂಕ್ ಈ ವಾದ್ಯವನ್ನು ಹೊಸಬರ ಕೈಗೆ ಕೊಟ್ಟಿತು. ಸೆಕ್ಸ್ ಪಿಸ್ಟಲ್ಸ್ ತಂಡದ ಸಿಡ್ ವಿಶಸ್‌ಗೆ ನುಡಿಸಲು ಹೆಚ್ಚುಕಡಿಮೆ ಬರುತ್ತಲೇ ಇರಲಿಲ್ಲ. 1977ರ ತಂಡದ ಏಕೈಕ ಸ್ಟುಡಿಯೊ ಆಲ್ಬಮ್ಮಿನಲ್ಲಿ ಬೇಸಿನ ಬಹುಪಾಲನ್ನು ನುಡಿಸಿದವರು ಗಿಟಾರ್ ವಾದಕ ಸ್ಟೀವ್ ಜೋನ್ಸ್. ಆ ತಂಡದ ಹಾಡುಗಳನ್ನು ಕಟ್ಟುವುದರಲ್ಲಿ ಪಾಲಿದ್ದು, ಅದೇ ವರ್ಷ ಹೊರಬಿದ್ದ ಮೊದಲ ಬೇಸ್ ವಾದಕ ಗ್ಲೆನ್ ಮ್ಯಾಟ್ಲಾಕ್ ಅವರನ್ನು ನೆನೆಯುವವರು ಕಡಿಮೆ. ಸಿಡ್ ಮುಖ ಮಾತ್ರ ಟೀ ಶರ್ಟುಗಳ ಮೇಲೆ ಉಳಿದಿದೆ. ಪಂಕ್ ಎಂದರೆ ಇಷ್ಟೇ, ಬಾರದವರ ಅಬ್ಬರ ಎಂದು ತಿಳಿದವರಿಗೆ ಅದೇ ಸಾಕ್ಷಿಯಾಗುತ್ತದೆ. ಆದರೆ ಬಾರದವರಲ್ಲಿ ಕಲಿತವರೂ ಇದ್ದರು. 1976ರ ಜೂನ್ 4ರಂದು ಮ್ಯಾಂಚೆಸ್ಟರಿನಲ್ಲಿ ಇದೇ ಪಿಸ್ಟಲ್ಸ್ ಕಚೇರಿ ಕೇಳಿದ ಪೀಟರ್ ಹುಕ್ ಮರುದಿನವೇ ಬೇಸ್ ಕೊಂಡರು. ಮುಂದೆ ಜಾಯ್ ಡಿವಿಷನ್ ತಂಡದಲ್ಲಿ ಗೆಳೆಯನ ಗಿಟಾರಿನ ಅಬ್ಬರದಲ್ಲಿ ತನ್ನದೇ ಸ್ವರ ಕೇಳಿಸದೆ ಹೋದಾಗ ಅವರು ಬೇಸಿನ ಮೇಲಿನ ಮನೆಗಳಲ್ಲಿ ರಾಗ ನುಡಿಸತೊಡಗಿದರು. ಗಿಟಾರ್ ಹಿಂದೆ ಸರಿದು ಬೇಸ್ ಹಾಡತೊಡಗಿದ್ದು ಹೀಗೆ, ಒಂದು ಕೊರತೆಯಿಂದ. ನ್ಯೂ ವೇವ್ ಸಂಗೀತದ ಗುರುತು ಎಂದು ಇಂದು ಹೇಳುವ ಆ ನಾದಕ್ಕೆ ಬೇರೆ ಮೂಲ ಹುಡುಕಬೇಕಾಗಿಲ್ಲ.

ಆದರೆ ಪಂಕ್‌ನ ಬೇಸಿಗೆ ಇನ್ನೊಂದು ಮೂಲವಿದೆ, ಅದು ಇದಕ್ಕಿಂತ ಆಳದ್ದು. 1976ರ ಕೊನೆಯಲ್ಲಿ ತೆರೆದ ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ನುಡಿಸಲು ಪಂಕ್ ತಟ್ಟೆಗಳೇ ಇನ್ನೂ ಸಾಕಷ್ಟು ಬಂದಿರಲಿಲ್ಲ. ಅಲ್ಲಿ ತಟ್ಟೆ ಹಾಕುತ್ತಿದ್ದ ಡಾನ್ ಲೆಟ್ಸ್, ಜಮೈಕಾದಿಂದ ವಲಸೆ ಬಂದ ಕುಟುಂಬದವರು, ರೆಗ್ಗೆ ಮತ್ತು ಡಬ್ ತಟ್ಟೆಗಳನ್ನು ಹಾಕಿದರು. ಆ ಸಂಗೀತದಲ್ಲಿ ಬೇಸೇ ಯಜಮಾನ. ಕ್ಲ್ಯಾಶ್ ತಂಡದ ಪಾಲ್ ಸಿಮೊನನ್ ಬಾಲ್ಯದ ದಿನಗಳನ್ನು ಕಳೆದದ್ದು ಕಪ್ಪು ವಲಸಿಗರ ಬ್ರಿಕ್ಸ್‌ಟನ್ ಬಡಾವಣೆಯಲ್ಲಿ. 1979ರಲ್ಲಿ ಅವರು ಬರೆದು ಹಾಡಿದ ‘ದಿ ಗನ್ಸ್ ಆಫ್ ಬ್ರಿಕ್ಸ್‌ಟನ್’ ನಡೆಯುವುದೇ ರೆಗ್ಗೆಯ ಬೇಸಿನ ಮೇಲೆ. ಅದೇ ವರ್ಷ ಪಬ್ಲಿಕ್ ಇಮೇಜ್ ಲಿಮಿಟೆಡ್ ತಂಡ ತನ್ನ ಆಲ್ಬಮ್ಮನ್ನು ಸಿನಿಮಾ ರೀಲಿನಂಥ ತಗಡಿನ ಡಬ್ಬಿಯಲ್ಲಿಟ್ಟು, 45ರ ವೇಗದ ಮೂರು 12 ಇಂಚಿನ ತಟ್ಟೆಗಳಾಗಿ ಹೊರತಂದಿತು. ಮಂದ್ರ ಸ್ವರಕ್ಕೆ ತಟ್ಟೆಯ ಮೇಲೆ ಅಗಲವಾದ ಗೀರು ಬೇಕು, ಅಗಲವಾದ ಗೀರಿಗೆ ಜಾಗ ಬೇಕು. ಆ ಜಾಗ ಜಾ ವಾಬಲ್ ಅವರ ಬೇಸಿಗೆ ಸಿಕ್ಕಿತು. ಬಿಳಿಯ ಹುಡುಗರ ಪಂಕ್‌ಗೆ ನೆಲ ಒದಗಿಸಿದವರು ಹೀಗೆ ತಮ್ಮ ನೆಲ ಬಿಟ್ಟು ಬಂದ ಜನ. ಸಿಮೊನನ್ ನನ್ನ ಪಟ್ಟಿಯಲ್ಲಿ ಇರುವುದು ಅವರು ಈ ಋಣವನ್ನು ಮರೆಮಾಚದೆ ನುಡಿಸಿದ್ದಕ್ಕೆ. ‘ಲಂಡನ್ ಕಾಲಿಂಗ್’ ರಕ್ಷಾಪುಟದಲ್ಲಿ ಬೇಸನ್ನು ನೆಲಕ್ಕೆ ಅಪ್ಪಳಿಸುತ್ತಿರುವ ಅವರ ಚಿತ್ರ ಪ್ರಸಿದ್ಧವಾದದ್ದು. ಆ ತಟ್ಟೆಯ ಒಳಗಿನ ಅವರ ಸಂಯಮ ಅದಕ್ಕಿಂತ ದೊಡ್ಡದು.

ಹೆಣ್ಣುಮಕ್ಕಳು ರಾಕ್ ತಂಡದೊಳಗೆ ಕಾಲಿಟ್ಟದ್ದೂ ಬಹುಪಾಲು ಈ ಬಾಗಿಲಿನಿಂದಲೇ. ಟಾಕಿಂಗ್ ಹೆಡ್ಸ್ ತಂಡದ ಟೀನಾ ವೇಮತ್, ಸಾನಿಕ್ ಯೂತ್ ತಂಡದ ಕಿಮ್ ಗಾರ್ಡನ್, 1986ರಲ್ಲಿ ಪತ್ರಿಕೆಯ ಜಾಹೀರಾತು ನೋಡಿ ಕೈಯಲ್ಲಿ ಬೇಸ್ ಇಲ್ಲದೆಯೇ ಪಿಕ್ಸೀಸ್ ತಂಡಕ್ಕೆ ಬಂದ ಕಿಮ್ ಡೀಲ್, ಮೂವರೂ ತಂಡಕ್ಕಾಗಿ ಬೇಸ್ ಹಿಡಿದು ಕಲಿತವರು. ಗಿಟಾರ್ ಮುಂಚೂಣಿಯನ್ನು ಗಂಡಸರು ಬಿಟ್ಟುಕೊಡದಿದ್ದಾಗ ಕೆಳಗಿನ ಜಾಗ ಖಾಲಿಯಿತ್ತು ಎಂದು ಹೇಳಿ ಮುಗಿಸಬಹುದು. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಕೀಳೆಂದು ಬಿಟ್ಟ ಜಾಗವನ್ನು ಹಿಡಿದು ಇಡೀ ತಂಡದ ನಡಿಗೆಯನ್ನೇ ತಮ್ಮ ವಶ ಮಾಡಿಕೊಂಡರಲ್ಲ, ಅದು ಎಣಿಕೆಗೆ ಬರಬೇಕು.

ಈ ಕಥೆಗೆ ಅಹಮದಾಬಾದಿನಲ್ಲಿ ಒಂದು ಮುನ್ನುಡಿ ಇದೆ. ವಿಕ್ರಮ್ ಸಾರಾಭಾಯಿ ಅವರ ಸೋದರಿ ಗೀತಾ ಸಾರಾಭಾಯಿ ಪಖಾವಜ್ ಕಲಿತವರು. ಧ್ರುಪದಕ್ಕೆ ನುಡಿಸುವ ಆ ವಾದ್ಯದ ಎಡಮುಖಕ್ಕೆ ಗೋಧಿ ಹಿಟ್ಟಿನ ಕಣಕ ಮೆತ್ತಿ ಮಂದ್ರ ಬರಿಸುತ್ತಾರೆ. ಗಂಡಸರ ವಾದ್ಯ ಎಂದೇ ನಡೆದುಬಂದಿದ್ದ ಅದನ್ನು ಅವರು ತಮ್ಮದಾಗಿಸಿಕೊಂಡರು. 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತ ಹೇಳಿಕೊಟ್ಟು ಅವರಿಂದ ಪಾಶ್ಚಾತ್ಯ ಸಂಗೀತ ಕಲಿತರು. 1969ರಲ್ಲಿ ಕೇಜ್ ಬಳಗದ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ, ಅಂದರೆ ಎನ್‌ಐಡಿಗೆ, ಬಂದು ಒಂದು ಮೂಗ್ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಯಂತ್ರ, ಸ್ಥಾಪಿಸಿದಾಗ ಅದರ ಹಿಂದೆಯೂ ಗೀತಾ ಇದ್ದರು. ಅವರು, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಜಿನರಾಜ್ ಜೋಶಿಪುರ ಆ ಯಂತ್ರದಲ್ಲಿ 1972ರವರೆಗೆ ಮಾಡಿದ ಪ್ರಯೋಗಗಳು ಟೇಪಿನಲ್ಲೇ ಮಲಗಿದ್ದವು. ಸಂಗೀತಗಾರ ಪಾಲ್ ಪುರ್ಗಾಸ್ ಅವುಗಳನ್ನು ಹೊರತೆಗೆದ ಮೇಲೆ ಅವು 2023ರಲ್ಲಿ ಆಲ್ಬಮ್ಮಾಗಿ ಬಂದಾಗ ಜಗತ್ತು ಕಿವಿ ತೆರೆಯಿತು. ಜಾಯ್ ಡಿವಿಷನ್‌ನ ಉಳಿದವರು ಕಟ್ಟಿದ ನ್ಯೂ ಆರ್ಡರ್ ತಂಡ 1983ರಲ್ಲಿ ‘ಬ್ಲೂ ಮಂಡೇ’ ಹಾಡಿನ ಮಿಡಿಯುವ ಮಂದ್ರವನ್ನು ಮೂಗ್ ಯಂತ್ರದಿಂದ ತೆಗೆದು, ಅದರ ಮೇಲೆ ಪೀಟರ್ ಹುಕ್ ಬೇಸ್ ಹಾಡಿಸುವ ಹೊತ್ತಿಗೆ, ಅದೇ ಮನೆತನದ ಯಂತ್ರ ಸಾಬರಮತಿಯ ದಡಕ್ಕೆ ಬಂದು 14 ವರ್ಷ ಕಳೆದಿತ್ತು.

ಹಾಗಾದರೆ ಪಂಕ್ ಅಲ್ಲಿ ಏಕೆ ಹುಟ್ಟಲಿಲ್ಲ? ಪ್ರಶ್ನೆ ಹುಡುಗಾಟದ್ದಲ್ಲ. ಇಂಗ್ಲೆಂಡ್, ಅಮೆರಿಕಗಳ ಈ ಸಂಗೀತಗಾರರಲ್ಲಿ ಎಷ್ಟೋ ಮಂದಿ ಕಲಾಶಾಲೆಗಳಿಂದ ಬಂದವರು; ಸಿಮೊನನ್, ವೇಮತ್, ಗಾರ್ಡನ್ ಮೂವರೂ ಚಿತ್ರ ಕಲಿತವರು. ಗುಜರಾತಿನಲ್ಲಿ ಅಂಥ ಎರಡು ಶಾಲೆಗಳಿದ್ದವು: ಎನ್‌ಐಡಿ, ಮತ್ತು 1950ರಲ್ಲಿ ಶುರುವಾದ ವಡೋದರಾದ ಲಲಿತಕಲಾ ವಿಭಾಗ. ವಡೋದರಾದಲ್ಲಿ ಸಿಟ್ಟು ಇರಲಿಲ್ಲವೆಂದಲ್ಲ. 1987ರಲ್ಲಿ ಕೆ.ಪಿ. ಕೃಷ್ಣಕುಮಾರ್ ಮುಂದಾಳುತನದಲ್ಲಿ, ಹೆಚ್ಚಾಗಿ ಕೇರಳದಿಂದ ಬಂದ ಯುವ ಕಲಾವಿದರು ‘ಕ್ವೆಶ್ಚನ್ಸ್ ಅಂಡ್ ಡಯಲಾಗ್’ ಎಂಬ ಪ್ರದರ್ಶನ ಮಾಡಿ ಕಲಾ ಮಾರುಕಟ್ಟೆಯನ್ನು ಎದುರುಹಾಕಿಕೊಂಡರು. ಭಿತ್ತಿಪತ್ರ, ಪ್ರಣಾಳಿಕೆ, ಒರಟು ವಸ್ತು, ಯಾರ ಹಂಗೂ ಬೇಡವೆಂಬ ಹಟ, ಪಂಕ್‌ನ ಎಲ್ಲ ಲಕ್ಷಣಗಳೂ ಅದರಲ್ಲಿದ್ದವು. ಎರಡೇ ವರ್ಷಗಳಲ್ಲಿ ಕೃಷ್ಣಕುಮಾರ್ ತೀರಿಕೊಂಡರು, ಗುಂಪು ಚದುರಿತು. ಆ ಸಿಟ್ಟು ಬಣ್ಣಕ್ಕೆ, ಶಿಲ್ಪಕ್ಕೆ ಹೋಯಿತು. ಎನ್‌ಐಡಿಯ ಯಂತ್ರವೋ ದುಬಾರಿಯದು, ಒಂದೇ ಕೋಣೆಯದು, ಕೆಲವರ ಕೈಗಷ್ಟೇ ಎಟುಕುವಂಥದ್ದು. ಪಂಕ್‌ಗೆ ಬೇಕಾದದ್ದು ಅಗ್ಗದ ಗಿಟಾರು, ಕೇಳುವ ಕ್ಲಬ್ಬು, ತಾವೇ ತಟ್ಟೆ ಒತ್ತಿಸಿ ಮಾರುವ ಅವಕಾಶ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ 1977ರ ಜನವರಿಯಲ್ಲಿ ಸಾಲ ಮಾಡಿ ಒಂದು ಸಾವಿರ ತಟ್ಟೆ ಒತ್ತಿಸಿತ್ತು. ಆಗಿನ ಭಾರತದಲ್ಲಿ ತಟ್ಟೆ ಒತ್ತುವ ಕಾರ್ಖಾನೆಗಳು ಬೆರಳೆಣಿಕೆಯವು. ಪ್ರತಿಭೆಯ ಕೊರತೆ ಎಂದು ಇದನ್ನು ಓದುವುದು ತಪ್ಪು.

ಆದ್ದರಿಂದ ನಮ್ಮ ಕಡೆಯ ಬೇಸಿನ ಕಥೆ ಬೇರೆ ದಾರಿಯಲ್ಲಿ ಬಂತು. ರಾಹುಲ್ ರಾಮ್ ದೆಹಲಿಯವರು. ತಂದೆ ದೆಹಲಿ ವಿಶ್ವವಿದ್ಯಾಲಯದ ಹೆಸರಾಂತ ಸಸ್ಯವಿಜ್ಞಾನಿ ಎಚ್.ವೈ. ಮೋಹನ ರಾಮ್, ತಾತ ವಾಗ್ಗೇಯಕಾರ ಹೊಳೆನರಸೀಪುರದ ಯೋಗಾನರಸಿಂಹಂ, ದೊಡ್ಡಪ್ಪ, 1942ರ ಚಳವಳಿಯಲ್ಲಿ ಮೈಸೂರಿನ ವಿದ್ಯಾರ್ಥಿಯಾಗಿ ಜೈಲು ಕಂಡು ಮುಂದೆ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾದ ಎಚ್.ವೈ. ಶಾರದಾಪ್ರಸಾದ್. ಕನ್ನಡಿಗರಿಗೆ ಹೆಮ್ಮೆಯ ವಂಶಾವಳಿ ಇದು, ಹೇಳದೆ ಹೋಗಲು ಮನಸ್ಸು ಬಾರದು. ಆದರೆ ಅವರ ಬೇಸಿಗೆ ವಂಶಕ್ಕಿಂತ ಹೆಚ್ಚು ಕೊಟ್ಟದ್ದು ನರ್ಮದಾ ಕಣಿವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷವಿಜ್ಞಾನದ ಡಾಕ್ಟರೇಟ್ ಮುಗಿಸಿ ಬಂದ ಅವರು 1990ರ ದಶಕದ ಮೊದಲರ್ಧದಲ್ಲಿ ನರ್ಮದಾ ಬಚಾವೋ ಆಂದೋಲನದಲ್ಲಿ ದುಡಿದರು. ಸುಸ್ಮಿತ್ ಸೇನ್ ಮತ್ತು ಅಸೀಮ್ ಚಕ್ರವರ್ತಿ ಕಟ್ಟಿದ್ದ ಇಂಡಿಯನ್ ಓಷನ್ ತಂಡಕ್ಕೆ ಸೇರಿದ್ದೂ ಅದೇ ಕಾಲದಲ್ಲಿ, 1991ರಲ್ಲಿ.

ಆ ವರ್ಷಗಳ ಗುಜರಾತನ್ನು ನೆನೆಯಬೇಕು. 1990ರ ಡಿಸೆಂಬರಿನಲ್ಲಿ ನರ್ಮದೆಗೆ ಕಟ್ಟುತ್ತಿದ್ದ ಸರ್ದಾರ್ ಸರೋವರ ಅಣೆಕಟ್ಟಿನ ಕಡೆ ನಡೆದು ಬಂದ ಸಾವಿರಾರು ಜನರನ್ನು ರಾಜ್ಯದ ಗಡಿಯ ಫೆರ್ಕುವಾದಲ್ಲಿ ತಡೆದರು. ಆಂದೋಲನದ ಮುಂದಾಳು ಮೇಧಾ ಪಾಟ್ಕರ್ ಅಲ್ಲಿ 20 ದಿನ ಮೀರಿ ಉಪವಾಸ ಕೂತರು. ವಿಶ್ವಬ್ಯಾಂಕ್ ನೇಮಿಸಿದ ಮೋರ್ಸ್ ಸಮಿತಿಯ ವರದಿ 1992ರಲ್ಲಿ ಬಂತು, ಮರುವರ್ಷ ಬ್ಯಾಂಕಿನ ಸಾಲ ನಿಂತಿತು. ಸರ್ದಾರ್ ಸರೋವರದಿಂದ ಬಾಧಿತವಾಗುವ 245 ಊರುಗಳಲ್ಲಿ 193 ಮಧ್ಯಪ್ರದೇಶದವು, 33 ಮಹಾರಾಷ್ಟ್ರದವು, 19 ಗುಜರಾತಿನವು. ನೀರು ಹರಿಯುವುದು ಹೆಚ್ಚಾಗಿ ಗುಜರಾತಿಗೆ. ಅಲ್ಲಿನ ನಗರಗಳಲ್ಲಿ ಆಂದೋಲನದ ಹೆಸರೆತ್ತಿದರೆ ಮುಖ ಗಂಟಾಗುವುದು ಏಕೆ ಎಂದು ಈ ಲೆಕ್ಕವೇ ಹೇಳುತ್ತದೆ. 2006ರ ಮೇ ತಿಂಗಳಲ್ಲಿ ನಿರಾಶ್ರಿತರ ಪರ ಒಂದು ಮಾತಾಡಿದ್ದಕ್ಕೆ ಆಮಿರ್ ಖಾನ್ ಅವರ ‘ಫನಾ’ ಚಿತ್ರವನ್ನು ಗುಜರಾತಿನ ಚಿತ್ರಮಂದಿರಗಳು ಪ್ರದರ್ಶಿಸಲಿಲ್ಲ.

ಗುಜರಾತಿನ ಜನರ ವಾದವನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ಕಛ್, ಸೌರಾಷ್ಟ್ರಗಳಲ್ಲಿ ಬರ ಕಂಡವರಿಗೆ ನಲ್ಲಿಯಲ್ಲಿ ಬರುವ ನರ್ಮದೆ ಸಣ್ಣ ವಿಷಯವಲ್ಲ. ಪುನರ್ವಸತಿಗಾಗಿ ಹೋರಾಡಿದ ಗುಜರಾತಿನ ಆರ್ಚ್ ವಾಹಿನಿ ಸಂಸ್ಥೆ, ಭೂಮಿ ಇಲ್ಲದವರಿಗೂ 2 ಹೆಕ್ಟೇರ್ ಕೊಡುವ ನೀತಿ ಬಂದ ಮೇಲೆ ಅಣೆಕಟ್ಟಿನ ಪರ ನಿಂತಿತು; ಅವರ ಪ್ರಾಮಾಣಿಕತೆಯಲ್ಲಿ ನನಗೆ ಸಂದೇಹವಿಲ್ಲ. ಸೂರತ್ತಿನ ಮೇಲಿನ ತಾಪಿ ನದಿಗೆ ಉಕಾಯಿ ಅಣೆಕಟ್ಟು ಕಟ್ಟಿದಾಗ ಎದ್ದುಹೋದವರಿಗೆ ಇಂಥ ನೀತಿ ಇರಲಿಲ್ಲ ಎಂಬುದೂ ನಿಜ. ಆದರೆ ಅಹಮದಾಬಾದಿನ ನಡುವೆ ಸಾಬರಮತಿಯಲ್ಲಿ ತುಂಬಿ ನಿಂತ ನೀರು ಕಾಲುವೆಯಿಂದ ಬಂದ ನರ್ಮದೆಯೇ. ವಡೋದರಾದಿಂದ ಸೂರತ್ತಿಗೆ ಹೋಗುವ ರೈಲು ಭರೂಚಿನಲ್ಲಿ ದಾಟುವ ನದಿಯಲ್ಲಿ ಹರಿವು ಇಳಿದು ಸಮುದ್ರದ ಉಪ್ಪು ಒಳನುಗ್ಗಿದೆ ಎಂದು ಹಿಲ್ಸಾ ಮೀನನ್ನು ನಂಬಿದ ಬೆಸ್ತರು ದೂರುತ್ತಲೇ ಬಂದಿದ್ದಾರೆ. ನೀರು ಪಡೆದವರಿಗೆ ಅದರ ಬೆಲೆ ತೆತ್ತವರ ದನಿ ಕೇಳಿಸಬೇಕು. ಶರಾವತಿ ಕಣಿವೆಯ ಬಗ್ಗೆ ಕನ್ನಡದಲ್ಲಿ ನಾ. ಡಿಸೋಜ ಅವರ ‘ಮುಳುಗಡೆ’ ಕಾದಂಬರಿ ಮಾಡಿದ ಕೆಲಸ ಅದು.

ರಾಹುಲ್ ರಾಮ್ ಅದನ್ನು ಹಾಡಿನಲ್ಲಿ ಮಾಡಿದರು. 2000ದ ‘ಕಂಡೀಸಾ’ ಆಲ್ಬಮ್ಮಿನ ‘ಮಾ ರೇವಾ’ ನರ್ಮದಾ ಕಣಿವೆಯ ಜನರ ಹಾಡು. ಆಂದೋಲನದ ದಿನಗಳಿಂದ ಅವರ ಜೊತೆ ಬಂದದ್ದು. ಬೇಸ್ ನುಡಿಸುತ್ತಲೇ ಹಾಡುವುದು ಕಷ್ಟದ ವಿದ್ಯೆ: ಕೈಯ ನಡೆ ಒಂದು, ದನಿಯ ನಡೆ ಇನ್ನೊಂದು, ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿಯಬೇಕು. ಪಾಶ್ಚಾತ್ಯ ರಾಕ್‌ನಂತೆ ಸ್ವರಮೇಳಗಳನ್ನು ಬದಲಿಸುತ್ತ ಹೋಗುವುದಕ್ಕಿಂತ ಒಂದು ಷಡ್ಜದ ಸುತ್ತ ಬೆಳೆಯುವುದು ಈ ತಂಡದ ರೀತಿ. ಹಾಗಾಗಿ ಬೇಸ್ ಅಲ್ಲಿ ತಂಬೂರಿಯಷ್ಟು ಸ್ಥಿರವಾಗಿರಬೇಕು, ಡೋಲಿನಷ್ಟು ಚುರುಕಾಗಿರಬೇಕು. ರಾಹುಲ್ ರಾಮ್ ಅವರ ಕೈಯಲ್ಲಿ ಎರಡೂ ಇವೆ. ಹಾಡು ಏರುತ್ತ ಏರುತ್ತ ಹೋದರೂ ಅದರ ಪಾದ ಕದಲುವುದಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಓದಿದ ಮನೆತನದ ದೆಹಲಿಯವರೊಬ್ಬರು ಕಣಿವೆಯ ಬಡವರ ಹಾಡನ್ನು ವೇದಿಕೆಗೆ ತಂದು ಚಪ್ಪಾಳೆ ಗಳಿಸಿದರೆ, ಕಸಿದುಕೊಂಡಂತೆ ಆಗುವುದಿಲ್ಲವೇ? ಕ್ಲ್ಯಾಶ್ ಬಗ್ಗೆಯೂ ಇದೇ ಪ್ರಶ್ನೆಯಿದೆ. ನನ್ನ ಉತ್ತರ ಇದು: ಧ್ವನಿಮುದ್ರಣ ಯಂತ್ರ ಹಿಡಿದು ಒಂದು ಸಂಜೆ ಹೋಗಿ ಬಂದವರಿಗೂ, ಹಾಡಿದವರ ಜೊತೆ ವರ್ಷಗಟ್ಟಲೆ ನಡೆದವರಿಗೂ ವ್ಯತ್ಯಾಸವಿದೆ. ಹಾಡನ್ನು ಅವರು ನದಿಯ ಹೆಸರಿನಿಂದಲೇ ಉಳಿಸಿದರು, ಅದರ ಹಿಂದಿನ ಹೋರಾಟವನ್ನು ಬಚ್ಚಿಡಲಿಲ್ಲ. ಅದೇ ಆಲ್ಬಮ್ಮಿನ ‘ಹಿಲ್ಲೆ ಲೆ’ ಕ್ರಾಂತಿಕಾರಿ ಕವಿ ಗೋರಖ್ ಪಾಂಡೆಯವರದು; ಶೀರ್ಷಿಕೆ ಗೀತೆ ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ. ಎಲ್ಲಿಂದ ತಂದೆವೆಂದು ಹೇಳಿ ನುಡಿಸುವುದು ಈ ತಂಡದ ಸಂಸ್ಕಾರ.

ಇಂಡಿಯನ್ ಓಷನ್ ಪಂಕ್ ತಂಡವಲ್ಲ, ಅದರ ನಾದವೂ ಪಂಕ್‌ನದಲ್ಲ. ನಡೆಯಲ್ಲಿ ಮಾತ್ರ ಆ ಕುಲಕ್ಕೆ ಹತ್ತಿರ. 2010ರಲ್ಲಿ ಅವರು ಒಂದು ಆಲ್ಬಮ್ಮನ್ನು ತಿಂಗಳಿಗೊಂದು ಹಾಡಿನಂತೆ ಕೇಳುಗರಿಗೆ ಉಚಿತವಾಗಿ ಬಿಟ್ಟರು. ಮುಂದೆ ರಾಹುಲ್ ರಾಮ್ ವರುಣ್ ಗ್ರೋವರ್, ಸಂಜಯ್ ರಜೌರಾ ಜೊತೆ ‘ಐಸಿ ತೈಸಿ ಡೆಮಾಕ್ರಸಿ’ ಎಂದು ಆಳುವವರನ್ನು ಹಾಡಿನಲ್ಲೇ ಪ್ರಶ್ನಿಸುತ್ತ ಊರೂರು ಸುತ್ತಿದರು. ಅಮೆರಿಕದ ಮಿನಿಟ್‌ಮೆನ್ ತಂಡದ ಬೇಸ್ ವಾದಕ ಮೈಕ್ ವಾಟ್, ದುಡಿಯುವ ಜನರ ಬಂದರು ಪಟ್ಟಣದಿಂದ ಬಂದು ಸ್ನೇಹ, ರಾಜಕೀಯ, ಸಂಗೀತ ಮೂರನ್ನೂ ಒಂದೇ ಮಾಡಿಕೊಂಡವರು. ನನ್ನ ಪಟ್ಟಿಯಲ್ಲಿ ರಾಹುಲ್ ರಾಮ್ ಪಕ್ಕದಲ್ಲಿ ಕೂರುವವರು ಅವರೇ.

ಮತ್ತೆ ಗುಜರಾತಿಗೆ ಬಂದರೆ, ಅಲ್ಲಿನ ಕಿವಿಗೆ ಮಂದ್ರ ಹೊಸದಲ್ಲ. ಗರ್ಬಾದ ಸುತ್ತಿನಲ್ಲಿ ಪಾದ ಹಾಕುವವರೆಲ್ಲ ಡೋಲಿನ ಕೆಳದನಿಗೆ ಹೆಜ್ಜೆ ಕೂಡಿಸುತ್ತಾರೆ. ಕಛ್ಛೀ ಮನೆತನದ ಬಬ್ಲಾ 1980ರ ದಶಕದಲ್ಲಿ ‘ಡಿಸ್ಕೊ ದಾಂಡಿಯಾ’ ಮಾಡಿದಾಗ ಆ ಜಾಗಕ್ಕೆ ಹೊಸ ವಾದ್ಯಗಳು ಬಂದು ಕೂತವು. ಈಗ ನವರಾತ್ರಿಯ ಮೈದಾನಗಳಲ್ಲಿ ಸಬ್‌ವೂಫರ್ ರಾಶಿ ಹಾಕಿ ಎದೆ ನಡುಗಿಸುವುದನ್ನೇ ಬೇಸ್ ಎಂದು ತಿಳಿಯಲಾಗಿದೆ. ಸದ್ದು ಅಳೆಯುವ ಸರ್ಕಾರಿ ಮಾಪನ ಮನುಷ್ಯನ ಕಿವಿಗೆ ಹೊಂದಿಸಿದ ‘ಎ’ ತೂಕದ ಡೆಸಿಬೆಲ್ಲಿನದು. 40 ಕಂಪನದ ಹತ್ತಿರದ ಸ್ವರದಲ್ಲಿ ಅದು ಸುಮಾರು 35 ಡೆಸಿಬೆಲ್ ಕಳೆದೇ ಲೆಕ್ಕ ಹಾಕುತ್ತದೆ. ಗೋಡೆ ನಡುಗಿದರೂ ಮೀಟರ್ ಸುಮ್ಮನಿರಬಹುದು. ಇದು ನೆರೆಹೊರೆಯ ನಿದ್ದೆಯ ಪ್ರಶ್ನೆ ಮಾತ್ರವಲ್ಲ. ಸದ್ದಿನಲ್ಲಿ ಮುಳುಗಿದ ಮಂದ್ರದಲ್ಲಿ ಒಂದು ಸ್ವರ ಮುಗಿದು ಇನ್ನೊಂದು ಶುರುವಾಗುವ ಜಾಗ ಕೇಳಿಸುವುದಿಲ್ಲ, ಮತ್ತು ಬೇಸ್ ವಾದಕರ ವಿಚಾರವೆಲ್ಲ ಇರುವುದು ಆ ಜಾಗದಲ್ಲಿ.

ಕಲಿಸುವ ಏರ್ಪಾಡಿನ ಕೊರತೆಯೂ ವಡೋದರಾಕ್ಕಿಲ್ಲ. ದಕ್ಷಿಣದ ಸಂಗೀತವನ್ನೂ ಕಲಿತು ಮೈಸೂರು ಆಸ್ಥಾನದ ಮರ್ಯಾದೆ ಪಡೆದ ಮೌಲಾಬಕ್ಷ್, 1886ರಲ್ಲಿ ಅರಸ ಸಯಾಜಿರಾವ್ ಆಶ್ರಯದಲ್ಲಿ ಅಲ್ಲಿ ಗಾಯನಶಾಲೆ ತೆರೆದು ಮನೆತನಗಳ ಒಳಗಿದ್ದ ವಿದ್ಯೆಯನ್ನು ಸಾಮಾನ್ಯರ ಮಕ್ಕಳಿಗೆ ಬರೆದು ಕಲಿಸಿದರು. ಅದರ ಮುಂದುವರಿಕೆಯಾದ ಪ್ರದರ್ಶನ ಕಲೆಗಳ ವಿಭಾಗವೂ ಕೃಷ್ಣಕುಮಾರ್ ಬಳಗ ಕಂಡ ಲಲಿತಕಲಾ ವಿಭಾಗವೂ ಒಂದೇ ವಿಶ್ವವಿದ್ಯಾಲಯದವು. ಅಲ್ಲಿ ಪಖಾವಜ್ ಕಲಿಯುವ ಹುಡುಗಿಯ ಎದುರು ಒಂದು ಬೇಸ್ ಗಿಟಾರ್ ಇಟ್ಟು, ಗೀತಾ ಸಾರಾಭಾಯಿ ಬಳಗದ ಟೇಪುಗಳನ್ನೂ ‘ಮಾ ರೇವಾ’ವನ್ನೂ ಒಂದೇ ತರಗತಿಯಲ್ಲಿ, ಒಳ್ಳೆಯ ಸ್ಪೀಕರಿನಲ್ಲಿ ಕೇಳಿಸುವುದಕ್ಕೆ ಹೊಸ ಕಟ್ಟಡ ಬೇಡ, ಹೊಸ ಪದವಿಯೂ ಬೇಡ. ಒಬ್ಬ ಅಧ್ಯಾಪಕರು ಮನಸ್ಸು ಮಾಡಿದರೆ ಬರುವ ಜೂನಿನಲ್ಲೇ ಶುರು ಮಾಡಬಹುದು.